ಬಾಣಂತಿಯ ಕೋಣೆಯೂ ತಂದೆಯ ಕಾಯಕವೂ
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಶಿಶುಪೋಷಣೆಯ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳಬೇಕೆಂದು ಅಪ್ಪಣೆಯಾಗಿರುವದು. ಇಂಥ ವಿಷಯವನ್ನು ಹೆಂಗಸರಿಗೆ ಬಿಟ್ಟುಕೊಡುವದು ವಾಡಿಕೆ. ನನ್ನ ಮಾತಾದರೋ ಹೆಚ್ಚಾಗಿ ಗಂಡಸರಿಗೇ ಇರುವದು.

ಶರಣರು ಪಂಚಸೂತಕಗಳನ್ನು ಅಲ್ಲಗಳೆದರೆಂಬುದು ತಮಗೆಲ್ಲ ವಿದಿತವೇ ಇದೆ. ಜನನಸೂತಕವೂ ಅವುಗಳಲ್ಲೊಂದು. ಹಸುಗೂಸಿಗೆ ಲಿಂಗಧಾರಣ ಮಾಡಿಸುವ ನಮ್ಮ ಮನೆಗಳಲ್ಲಿ ಬಾಣಂತಿಗೆ ಮೈಲಿಗೆಯಿಲ್ಲ. ಇಷ್ಟಿದ್ದರೂ ಎಷ್ಟೋ ಕಡೆ ಆಕೆಯನ್ನು ಗಾಳಿಬೆಳಕಿಲ್ಲದ ಕೋಣೆಯಲ್ಲಿರಿಸಿ, ಕುಡಿಯುವ ನೀರನ್ನೂ ಅಳೆದು ಕೊಡುವರು. ಗಂಡನು ಹೊಸ್ತಿಲಾಚೆಯಿಂದಲೇ ಕೂಸನ್ನು ನೋಡಿ ಹೋಗುವನು. ತತ್ತ್ವದಲ್ಲಿ ಬಿಟ್ಟ ಸೂತಕವನ್ನು ನಡೆಯಲ್ಲಿ ಉಳಿಸಿಕೊಂಡಂತಾಯಿತಲ್ಲವೇ?

ಇದರ ಏಟು ಕೂಸಿನ ಹೊಟ್ಟೆಗೇ ತಾಗುವದು. ಕೂಸು ಚೀಪಿದೊಡನೆ ತಾಯಿಯ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ರಸವು ಹೊರಟು ಹಾಲನ್ನು ಇಳಿಸುವದು. ಅಂಜಿಕೆ, ನೋವು, ಚುಚ್ಚುಮಾತುಗಳು ಅದನ್ನು ತಡೆಯುವವು. "ಇವಳಿಗೆ ಹಾಲು ಸಾಲದು" ಎಂದು ಹಿರಿಯರು ನಾಲ್ಕು ಸಾರೆ ಅಂದರೆ ಇದ್ದ ಹಾಲೂ ಇಳಿಯದು. ಆಗ ಬಾಟಲಿ ಬರುವದು. ಕೂಸು ಚೀಪುವದು ಕಡಿಮೆಯಾದಂತೆ ಹಾಲು ಹುಟ್ಟುವದೂ ಕಡಿಮೆಯಾಗುವದು. ಸಾಲದೆಂಬ ಮಾತೇ ಹೀಗೆ ನಿಜವಾಗಿಬಿಡುವದು. ಹಾಲು ಸಾಲುವದರ ಗುರುತು ಬೇರೆ ಇರುವದು: ಐದನೆಯ ದಿನದ ಮೇಲೆ ಕೂಸು ದಿನಕ್ಕೆ 6 ಸಾರೆಗೆ ಕಡಿಮೆಯಿಲ್ಲದೆ ಅರಿವೆ ತೋಯಿಸಬೇಕು, ಎರಡು ವಾರದ ಸುಮಾರಿಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು.

ಆಕಳ ಗಿಣ್ಣಿಗೆ ಬೆಲ್ಲ, ಏಲಕ್ಕಿ ಹಾಕಿ ಮನೆಮಂದಿಯೆಲ್ಲ ಸವಿಯುವ ನಾವು, ತಾಯಿಯ ಹಳದಿ ಹಾಲನ್ನು ಹಿಂಡಿ ಚೆಲ್ಲಿಸಿ ಕೂಸಿನ ನಾಲಿಗೆಗೆ ಜೇನು ಹಚ್ಚುವೆವು! ರೋಗ ತಡೆಯುವ ಶಕ್ತಿ ಆ ಹಾಲಿನಲ್ಲಿರುವದು. ಜೇನಿನಲ್ಲಾದರೋ ವರುಷದೊಳಗಿನ ಕೂಸಿಗೆ ವಿಷವಾಗಬಲ್ಲ ಕ್ರಿಮಿಬೀಜಗಳಿರಬಹುದು. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಯೂಡಿಸತಕ್ಕದ್ದು. ಮೊದಲ 6 ತಿಂಗಳು ಕೂಸಿಗೆ ತಾಯಿಹಾಲೊಂದೇ, ನೀರೂ ಬೇಡ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಮೊದಲ ಗಂಟೆಯೊಳಗೆ ಮೊಲೆಹಾಲು ಕಂಡ ಕೂಸುಗಳು ನೂರಕ್ಕೆ ಸುಮಾರು 42 ಮಾತ್ರ.

ಇನ್ನು ತಂದೆಯ ಕಾಯಕ. ಹಸುಗೂಸು ಹಗಲಿರುಳು ಸೇರಿ 8ರಿಂದ 12 ಸಾರೆ ಮೊಲೆಯುಣ್ಣುವದು. ಮೊಲೆಯೂಡಿಸುವದನ್ನು ಆತನು ಮಾಡಲಾರನು, ಉಳಿದುದೆಲ್ಲವನ್ನೂ ಮಾಡಬಲ್ಲನು. ನಡುರಾತ್ರಿ ಕೂಸನ್ನೆತ್ತಿ ತಾಯಿಯ ಮಗ್ಗುಲಿಗೆ ಕೊಡುವದು, ಉಂಡ ಮೇಲೆ ಹೆಗಲಿಗೆ ಹಾಕಿ ತೇಗಿಸುವದು, ಅರಿವೆ ಒಗೆಯುವದು, ಬಾಣಂತಿಯ ಕೈಗೆ ನೀರಿನ ತಂಬಿಗೆ ಕೊಡುವದು, ಹಿಂಡಿಟ್ಟ ಹಾಲಿದ್ದರೆ ಒಳಲೆಯಿಂದ ಕುಡಿಸುವದು. ದಾಸೋಹದ ಪಂಕ್ತಿಯಲ್ಲಿ ಬಡಿಸಲು ನಾಚದ ಕೈಗಳು ಇದಕ್ಕೇಕೆ ನಾಚಬೇಕು? ನಿಜವಾಗಿ ಹಾಲು ಸಾಲದ ತಾಯಿಯೂ ಇರುವಳು. ವೈದ್ಯರು ಹೇಳಿದಂತೆ ಬೇರೆ ಹಾಲು ಕೊಟ್ಟವಳನ್ನು ಹೀಯಾಳಿಸುವದು ಪಾಪವೇ ಸರಿ.

ಹೆರಿಗೆಯ ಎರಡು-ಮೂರು ದಿನಗಳ ಮೇಲೆ ಕಾರಣವಿಲ್ಲದೆ ಅಳು ಬರುವದು ಬಹಳ ತಾಯಂದಿರಿಗೆ ಸಹಜ. ಅದು ತಾನೇ ಅಡಗುವದು. ಎರಡು ವಾರ ಮೀರಿದರೂ ಅಡಗದಿದ್ದರೆ ರೋಗವೆಂದೇ ತಿಳಿದು ವೈದ್ಯರಲ್ಲಿಗೆ ಹೋಗಬೇಕು. ಗಾಳಿಸೋಂಕೆಂದು ತಾಯಿತ ಕಟ್ಟಿಸುತ್ತ ಕೂಡಲಾಗದು. ಸಾಲಸೋಲದ ಚಿಂತೆ, ನಿದ್ದೆಗೇಡುಗಳಿಂದ ತಂದೆಯೂ ಹೀಗೆ ಕುಗ್ಗುವದುಂಟು. ಗಂಡಸೆಂಬ ಅಭಿಮಾನದಿಂದ ಬಾಯಿಬಿಡದೆ ಒಳಗೇ ಬೇಯುವನು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ತಾಯಿ-ಕೂಸುಗಳನ್ನು ಅಗಲಿಸದೆ ಒಟ್ಟಿಗೇ ಇರಿಸಿಕೊಂಡು ಉಪಚರಿಸುವ ವಿಭಾಗವು 2009ರಲ್ಲಿ ಆರಂಭವಾಯಿತು. 2022ರಲ್ಲಿ ಸರಕಾರವು ತೆರೆದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯಲ್ಲಿ ಕನ್ನಡದಲ್ಲಿಯೇ ಕಷ್ಟ ಹೇಳಿಕೊಳ್ಳಬಹುದು, ಹಣ ಬೇಕಿಲ್ಲ. ಅದರ ಅಂಕೆ 14416. ಬಾಣಂತಿಯ ಕೋಣೆಯ ಬಾಗಿಲಿಗೆ ಅದನ್ನು ದೊಡ್ಡಕ್ಷರದಲ್ಲಿ ಬರೆದಿಡಿರಿ.