ತೆಗೆದು ಹಾಕುವ ಹಲ್ಲು: ಕಟ್ಟಿಸಿಕೊಂಡವರಿಗೆ, ಅವರ ಮನೆಯವರಿಗೆ ಕೆಲವು ಮಾತು

ಯಾದಗಿರಿ, ಶಹಾಪುರ, ಸುರಪುರ ಕಡೆಯ ಹಳ್ಳಿಗಳಿಂದ ಬಂದಿರುವ ತಂದೆ-ತಾಯಂದಿರೇ, ಅವರನ್ನು ಕರೆದುಕೊಂಡು ಬಂದಿರುವ ಅಣ್ಣಂದಿರೇ, ಅಕ್ಕಂದಿರೇ,

ನಾನು ಹಲ್ಲಿನ ಡಾಕ್ಟರ್ ಅಲ್ಲ, ನರ್ಸ್. ಆದರೂ ಹಲ್ಲಿನ ಬಗ್ಗೆ ಮಾತಾಡಲು ನಿಂತಿದ್ದೇನೆ. ಅದಕ್ಕೆ ಕಾರಣ ಒಬ್ಬ ತಾಯಿ. ಗರ್ಭಕೋಶದ ಆಪರೇಷನ್ನಿಗೆ ಬಂದಿದ್ದರು. "ಬಾಯಾಗ ಕಟ್ಟಿಸಿದ ಹಲ್ಲು ಏನರ ಅದಾವೇನ್ರೆವ್ವಾ?" ಎಂದು ವಾರ್ಡಿನಲ್ಲಿ ಕೇಳಿದಾಗ "ಇಲ್ಲ" ಅಂದರು. ಥಿಯೇಟರಿಗೆ ಒಯ್ಯುವ ಮುಂಚೆ ಒಬ್ಬರೇ ಇದ್ದಾಗ ಮತ್ತೊಮ್ಮೆ ಕೇಳಿದೆ. ನನ್ನ ಕೈ ಹಿಡಿದು, "ಸೊಸಿ ಮುಂದ ಹೆಂಗ ಹೇಳ್ಲಿ ತಂಗಿ?" ಅಂದರು. ಮುಂದಿನ ಮೂರು ಹಲ್ಲು, ತಂತಿಯ ಕೊಕ್ಕೆ ಇರುವ ಸಣ್ಣ ಪ್ಲೇಟು. ಮಂದಿ ನೋಡಿಯಾರೆಂದು ರಾತ್ರಿಯೂ ತೆಗೆಯುತ್ತಿರಲಿಲ್ಲವಂತೆ. ತೆಗೆದು ನೋಡಿದರೆ ಅದರ ಕೆಳಗಿನ ಅಂಗಳು ಕೆಂಪಗೆ ಹಣ್ಣಾಗಿತ್ತು, ಕೊಕ್ಕೆ ಹಿಡಿದಿದ್ದ ಎರಡು ಸ್ವಂತ ಹಲ್ಲುಗಳು ಅಲುಗಾಡುತ್ತಿದ್ದವು.

ಅರಿವಳಿಕೆ ಕೊಟ್ಟಾಗ ಮನುಷ್ಯನಿಗೆ ಕೆಮ್ಮುವ, ನುಂಗುವ ಎಚ್ಚರ ಇರುವುದಿಲ್ಲ. ಆಗ ಪ್ಲೇಟು ಸಡಿಲಾದರೆ ಗಂಟಲಿಗೆ, ಶ್ವಾಸನಾಳಕ್ಕೆ ಇಳಿಯಬಹುದು. ಆದ್ದರಿಂದ ನಾವು ಎರಡೆರಡು ಸಲ ಕೇಳುತ್ತೇವೆ, ಬೇಸರ ಮಾಡಿಕೊಳ್ಳಬೇಡಿ. ಜೊತೆಗೆ ಬಂದವರಿಗೆ ನನ್ನ ವಿನಂತಿ: ಸಿಸ್ಟರ್ ಈ ಮಾತು ಕೇಳುವಾಗ ನೀವು ಸ್ವಲ್ಪ ಹೊರಗೆ ನಿಲ್ಲಿರಿ.

ಹಲ್ಲು ಹೋದ ಜಾಗವನ್ನು ಹಾಗೇ ಬಿಟ್ಟರೆ ಪಕ್ಕದ ಹಲ್ಲು ಅತ್ತ ವಾಲುತ್ತದೆ, ಎದುರಿನ ಹಲ್ಲು ಉದ್ದವಾಗಿ ಆ ಖಾಲಿ ಜಾಗಕ್ಕೆ ಬರುತ್ತದೆ. ಆದ್ದರಿಂದ ಹಲ್ಲು ಕಟ್ಟಿಸಿಕೊಳ್ಳುವುದು ಬರೇ ಚೆಂದಕ್ಕಲ್ಲ. ಕೀಳಿಸಿದ ಜಾಗ ಮಾಯಬೇಕು, ವಸಡು ಗಟ್ಟಿಯಾಗಬೇಕು. ಅಲ್ಲಿಯವರೆಗೆ ಕಾಯಲು ಡಾಕ್ಟರು ಹೇಳಿದರೆ ಅವಸರ ಮಾಡಬೇಡಿ. ಆಮೇಲೆ ಅಳತೆ ತೆಗೆಯುವುದಕ್ಕೆ, ಕೂಡಿಸಿ ನೋಡುವುದಕ್ಕೆ ಎಂದು ನಾಲ್ಕಾರು ಸಲ ಬರಬೇಕಾಗುತ್ತದೆ. ಹಗುರಾದ ಗುಲಾಬಿ ಬಣ್ಣದ ಅಕ್ರಿಲಿಕ್ ಪ್ಲೇಟಿನದು ಅಗ್ಗ. ಲೋಹದ ಚೌಕಟ್ಟಿನದು ತೆಳುವಾಗಿ ಗಟ್ಟಿಯಿರುತ್ತದೆ, ಖರ್ಚು ಹೆಚ್ಚು. ನಮ್ಮ ಭಾಗದ ಕೆಲವು ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ, ಚಿಕ್ಕಂದಿನಿಂದ ಅದನ್ನು ಕುಡಿದವರ ಹಲ್ಲಿಗೆ ಹಳದಿ, ಕಂದು ಕಲೆ ಇರುತ್ತದೆ. ಅಂಥವರು ಹಾಲಿನಂಥ ಬಿಳಿ ಹಲ್ಲೇ ಬೇಕೆಂದು ಹಟ ಹಿಡಿದರೆ ಅದೊಂದೇ ಎದ್ದು ಕಾಣುತ್ತದೆ. ಡಾಕ್ಟರು ಹೊಂದಿಸಿ ಕೊಟ್ಟ ಬಣ್ಣವೇ ಇರಲಿ.

ಜಾತ್ರೆಯಲ್ಲಿ, ರಸ್ತೆಬದಿಯಲ್ಲಿ ಕೂತು "ಒಂದು ತಾಸಿನ್ಯಾಗ ಪಕ್ಕಾ ಹಲ್ಲು" ಎಂದು ಕೂಡಿಸಿ ಕಳಿಸುವವರ ಬಳಿ ದಯವಿಟ್ಟು ಹೋಗಬೇಡಿ. ಪಕ್ಕದ ಹಲ್ಲುಗಳಿಗೆ ತಂತಿ ಬಿಗಿದು, ಮೇಲೆ ಅಂಟು ಮೆತ್ತಿ ಬಿಡುತ್ತಾರೆ. ತೆಗೆಯಲು ಬರುವುದಿಲ್ಲ, ತೊಳೆಯಲೂ ಬರುವುದಿಲ್ಲ. ಒಂದು ಹಲ್ಲು ಹೋಗಿದ್ದವರಿಗೆ ಅಕ್ಕಪಕ್ಕದ ಎರಡೂ ಕೊಳೆತು ಕೀಳಿಸಬೇಕಾಗಿ ಬಂದದ್ದನ್ನು ನಾನೇ ನೋಡಿದ್ದೇನೆ. ತೆಗೆದು ಹಾಕುವ ಹಲ್ಲಿನ ಗುಣವೇ ಅದನ್ನು ತೆಗೆಯಬಹುದು ಎಂಬುದು. ಅದನ್ನು ತೆಗೆಯದೆ ಇಟ್ಟುಕೊಂಡರೆ ಆ ಜಾತ್ರೆಯ ಹಲ್ಲಿಗೂ ಇದಕ್ಕೂ ಏನು ಫರಕು?

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಊಟವಾದ ಮೇಲೆ ತೆಗೆದು ನೀರಿನಲ್ಲಿ ತೊಳೆಯಿರಿ. ರಾತ್ರಿ ಮಲಗುವ ಮುಂಚೆ ಮೆತ್ತನೆ ಬ್ರಷ್ಷು, ಕೈ ತೊಳೆಯುವ ಸಾಬೂನಿನಿಂದ ಉಜ್ಜಿ, ಮುಚ್ಚಳವಿರುವ ಡಬ್ಬಿಯಲ್ಲಿ ತಣ್ಣೀರು ಹಾಕಿ ಅದರಲ್ಲಿಡಿ. ಬೂದಿ, ಇದ್ದಲಿ ಪುಡಿ, ಪೇಸ್ಟು ಬೇಡ, ಗೀರು ಬೀಳುತ್ತವೆ. ಕುದಿನೀರು ಹಾಕಿದರೆ ಪ್ಲೇಟು ಸೊಟ್ಟಗಾಗುತ್ತದೆ. ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಒಡೆಯುತ್ತದೆ, ಅದಕ್ಕೆ ನೀರು ತುಂಬಿದ ಬೋಗುಣಿಯ ಮೇಲೆ ಹಿಡಿದು ತೊಳೆಯಿರಿ. ಕೊಕ್ಕೆ ಹಿಡಿಯುವ ಸ್ವಂತ ಹಲ್ಲುಗಳನ್ನು ಚೆನ್ನಾಗಿ ಉಜ್ಜಿರಿ, ಕೊಳೆ ಕೂಡುವುದು ಅಲ್ಲೇ. ಬೆಳಿಗ್ಗೆ ಲಿಂಗಪೂಜೆಗೆ ಕೂರುವ ಮುಂಚೆ ತೊಳೆದು ಹಾಕಿಕೊಳ್ಳುವ ರೂಢಿ ಮಾಡಿಕೊಂಡರೆ ಮರೆಯುವುದಿಲ್ಲ. ಬೆರಳಿನಿಂದ ಕೂಡಿಸಿರಿ, ಕಚ್ಚಿ ಕೂಡಿಸಿದರೆ ಕೊಕ್ಕೆ ಮುರಿಯುತ್ತದೆ.

ಮೊದಲ ವಾರ ಜೊಲ್ಲು ಹೆಚ್ಚು ಬರುತ್ತದೆ, ಮಾತು ತೊದಲುತ್ತದೆ. ದಿನಾ ಹತ್ತು ನಿಮಿಷ ಜೋರಾಗಿ ವಚನ ಓದಿರಿ, ನಾಲಿಗೆ ತಾನೇ ಹೊಂದಿಕೊಳ್ಳುತ್ತದೆ. ಕಾಲುವೆ ನೀರು ಬಂದು ಹೊಲಗಳಲ್ಲಿ ಭತ್ತ ಬೆಳೆದರೂ ನಮಗೆ ಜೋಳದ ರೊಟ್ಟಿ ಇಲ್ಲದೆ ಊಟ ಆಗುವುದಿಲ್ಲ. ಮೊದಲು ಮೆತ್ತಗಿನ ಅನ್ನ-ಬೇಳೆ, ಆಮೇಲೆ ಬಿಸಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಸಣ್ಣ ತುತ್ತು, ಎರಡೂ ಬದಿಗೆ ಅಗಿಯಿರಿ. ಕಟಕ್ ರೊಟ್ಟಿಯನ್ನು ಮುಂದಿನ ಹಲ್ಲಿನಿಂದ ಕಚ್ಚಿ ಎಳೆಯಬೇಡಿ. ಶೇಂಗಾ, ಹುರಿಗಡಲೆಯನ್ನು ಪುಡಿ ಮಾಡಿ ತಿನ್ನಿರಿ. ಒತ್ತಿ ಹುಣ್ಣಾದರೆ ನೀವೇ ಅರ ಹಾಕಿ ತಿಕ್ಕಬೇಡಿ. ಎಲ್ಲಿ ಒತ್ತುತ್ತದೆ ಎಂಬುದು ಡಾಕ್ಟರಿಗೆ ಕಾಣಬೇಕು, ಆದ್ದರಿಂದ ಬರುವ ದಿನ ಕೆಲವು ತಾಸು ಅದನ್ನು ಹಾಕಿಕೊಂಡೇ ಬನ್ನಿ. ಸಕ್ಕರೆ ಕಾಯಿಲೆ ಇದ್ದವರು ತಡ ಮಾಡಬೇಡಿ. ತಂಬಾಕು, ಗುಟ್ಕಾ ಹಾಕುವವರಿಗೆ ಹದಿನೈದು ದಿನವಾದರೂ ಮಾಯದ ಹುಣ್ಣು ಇದ್ದರೆ ಅದನ್ನು ಹಲ್ಲಿನ ಮೇಲೆ ಹಾಕಿ ಸುಮ್ಮನಿರಬಾರದು. ಬಾಯಿ ಕ್ಯಾನ್ಸರ್ ಅಲ್ಲವೆಂದು ಡಾಕ್ಟರಿಂದ ಖಾತ್ರಿ ಮಾಡಿಕೊಳ್ಳಬೇಕು.

ನಿದ್ದೆಯಲ್ಲೋ, ಮೂರ್ಛೆ ಬಂದಾಗಲೋ ಪ್ಲೇಟು ನುಂಗಿದ್ದರೆ ಬಾಳೆಹಣ್ಣು, ಅನ್ನದ ಉಂಡೆ ತಿನ್ನಿಸಿ ತಳ್ಳಲು ನೋಡಬೇಡಿ. ಕೊಕ್ಕೆ ಅನ್ನನಾಳವನ್ನು ಹರಿಯಬಹುದು. ಏನೂ ತಿನ್ನಿಸದೆ, ಕುಡಿಸದೆ ಕೂಡಲೇ ಆಸ್ಪತ್ರೆಗೆ ತನ್ನಿ. ಬರೇ ಅಕ್ರಿಲಿಕ್ ತುಂಡು ಎಕ್ಸ್-ರೇಯಲ್ಲಿ ಸರಿಯಾಗಿ ಕಾಣದೆ ಹೋಗಬಹುದು, ಆದ್ದರಿಂದ "ಹಲ್ಲು ನುಂಗಿದ್ದಾರೆ" ಎಂದು ಬಾಯಿಬಿಟ್ಟು ಹೇಳಿರಿ. ಮುರಿದ ತುಂಡು ಉಳಿದಿದ್ದರೆ ಅದನ್ನೂ ತನ್ನಿ.

ಖರ್ಚಿನ ಚಿಂತೆ ಇರುವವರಿಗೆ ಒಂದು ಮಾತು. ರಾಜ್ಯ ಸರ್ಕಾರ 2014ರಲ್ಲಿ ತಂದ ದಂತಭಾಗ್ಯ ಯೋಜನೆ ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ಟು ಕೊಡಿಸಲೆಂದು ಬಂದದ್ದು. ನಿಮ್ಮ ವಯಸ್ಸಿಗೆ, ಕೆಲವೇ ಹಲ್ಲು ಹೋದವರಿಗೆ ಈಗ ಅದು ಸಿಗುತ್ತದೆಯೇ ಎಂದು ತಾಲೂಕು ಸರ್ಕಾರಿ ಆಸ್ಪತ್ರೆಯ ಹಲ್ಲಿನ ವಿಭಾಗದಲ್ಲಿ ಕಾರ್ಡು ತೋರಿಸಿ ವಿಚಾರಿಸಿರಿ. ಕಲಬುರಗಿ, ರಾಯಚೂರಿನಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ, ಅಲ್ಲಿಯೂ ಕೇಳಬಹುದು.

ವಾರ್ಡಿನಲ್ಲಿ ಮಲಗಿದವರ ಹಲ್ಲನ್ನು ಕಾಗದದಲ್ಲಿ ಸುತ್ತಿ ದಿಂಬಿನ ಕೆಳಗೆ ಇಡಬೇಡಿ. ಕಸ ಗುಡಿಸುವಾಗ ಹೋಗಿಬಿಡುತ್ತದೆ, ಆಮೇಲೆ ಹುಡುಕಿದರೂ ಸಿಗುವುದಿಲ್ಲ. ಹೆಸರು ಬರೆದ ಡಬ್ಬಿ ಸಿಸ್ಟರ್ ಹತ್ತಿರ ಕೇಳಿ ಪಡೆಯಿರಿ.

ಈಗ ಏನಾದರೂ ಕೇಳುವುದಿದ್ದರೆ ಕೇಳಿ. ಎಲ್ಲರ ಮುಂದೆ ಸಂಕೋಚವಾದರೆ ಆಮೇಲೆ ಡ್ರೆಸ್ಸಿಂಗ್ ರೂಮಿಗೆ ಬನ್ನಿ, ಅಲ್ಲಿ ನಾನೊಬ್ಬಳೇ ಇರುತ್ತೇನೆ.