ಜನ ಹೆಚ್ಚಾದರೆ ಅನ್ನ ಕಡಿಮೆಯೇ?

(ವಾರ್ಷಿಕ ನಿಧಿ ಸಂಗ್ರಹ ಸಮಾರಂಭದಲ್ಲಿ ಮಾಡಿದ ಭಾಷಣ)



ರಜೆಗೆ ಊರಿಗೆ ಹೋದಾಗ ಬೆಂಗಳೂರಿನ ಸಿಲ್ಕ್ ಬೋರ್ಡ್ ಹತ್ತಿರ ಅರ್ಧ ಗಂಟೆ ಕಾರು ನಿಂತರೆ ಸಾಕು, "ಇಷ್ಟೊಂದು ಜನ ಇದ್ದರೆ ದೇಶ ಉದ್ಧಾರ ಆಗೋದು ಹೇಗೆ?" ಎನ್ನುತ್ತೇವೆ. ಬ್ರಿಟನ್ನಿಗೆ ಮರಳಿದ ಮೇಲೆ, ವಲಸೆ ಬಂದವರಿಂದ ಶಾಲೆ, ಆಸ್ಪತ್ರೆಗಳೆಲ್ಲ ತುಂಬಿಹೋಗಿವೆ ಎಂದು ಯಾರಾದರೂ ಹೇಳಿದರೆ ನಮಗೆ ನೋವಾಗುತ್ತದೆ. ನಾವು ದುಡಿಯುತ್ತೇವೆ, ತೆರಿಗೆ ಕಟ್ಟುತ್ತೇವೆ ಎಂದು ವಾದಿಸುತ್ತೇವೆ. ಅಂದರೆ ಅಲ್ಲಿಯ ಜನರನ್ನು ಬಾಯಿಗಳಾಗಿ ಎಣಿಸುವ ನಾವು, ಇಲ್ಲಿ ನಮ್ಮನ್ನು ಕೈಗಳಾಗಿ ಎಣಿಸಬೇಕೆಂದು ಬಯಸುತ್ತೇವೆ. ಇವೆರಡರಲ್ಲಿ ಯಾವ ಲೆಕ್ಕ ಸರಿ?

ಬಾಯಿಯ ಲೆಕ್ಕವನ್ನು ಪ್ರಸಿದ್ಧಿಗೆ ತಂದವರು ಇದೇ ದೇಶದ ಥಾಮಸ್ ಮಾಲ್ಥಸ್. ಜನಸಂಖ್ಯೆ ಬೆಳೆಯುವ ವೇಗಕ್ಕೆ ಆಹಾರ ಬೆಳೆಯುವುದಿಲ್ಲ, ಕೊನೆಗೆ ಹಸಿವು, ರೋಗಗಳೇ ಜನರನ್ನು ಕಡಿಮೆ ಮಾಡುತ್ತವೆ ಎಂದು ಅವರು 1798ರಲ್ಲಿ ಬರೆದರು. 1805ರಿಂದ 1834ರಲ್ಲಿ ತೀರಿಕೊಳ್ಳುವವರೆಗೂ ಅವರು ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಭಾರತವನ್ನು ಆಳಲು ಹೊರಟ ಅಧಿಕಾರಿಗಳು ಅವರ ಪಾಠ ಕೇಳಿಯೇ ಹಡಗು ಹತ್ತಿದರು. ಮುಂದೆ 1876-78ರ ಬರಗಾಲ ನಮ್ಮ ನಾಡನ್ನು ಹೊಕ್ಕಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ. 1881ರಲ್ಲಿ ಅದು 42 ಲಕ್ಷಕ್ಕೆ ಇಳಿದಿತ್ತು. ಆ ವರ್ಷಗಳಲ್ಲೂ ಭಾರತದಿಂದ ಧಾನ್ಯ ಹಡಗಿನಲ್ಲಿ ಹೊರದೇಶಕ್ಕೆ ಹೋಗುತ್ತಲೇ ಇತ್ತು. ಜನ ಹೆಚ್ಚಾದುದೇ ಸಾವಿಗೆ ಕಾರಣ ಎಂದುಕೊಂಡರೆ ಆಳುವವರ ಮನಸ್ಸಿಗೆ ಎಷ್ಟು ನಿರಾಳ, ಯೋಚಿಸಿ.

ಈ ಲೆಕ್ಕವನ್ನು ತಿರುಗಿಸಿ ನೋಡಿದವರು ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸೆರುಪ್ (1910-1999). ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದ ಅವರು 1957ರಲ್ಲಿ ಪತಿಯೊಂದಿಗೆ ಭಾರತಕ್ಕೆ ಬಂದರು. ಗುನ್ನಾರ್ ಮಿರ್ಡಾಲ್ ಅವರು ಏಷ್ಯಾದ ಬಗ್ಗೆ ನಡೆಸುತ್ತಿದ್ದ ದೊಡ್ಡ ಅಧ್ಯಯನಕ್ಕಾಗಿ ಕೆಲವು ವರ್ಷ ಇಲ್ಲಿದ್ದರು. ಯೂರೋಪಿನಲ್ಲಿ ಕಲಿತ ಸಿದ್ಧಾಂತ ಭಾರತದ ಹೊಲಗಳಿಗೆ ಹೊಂದುವುದಿಲ್ಲ ಎಂದು ಅವರಿಗೆ ಕಂಡಿತು. 1965ರಲ್ಲಿ ಕೃಷಿಯ ಬೆಳವಣಿಗೆ ಕುರಿತು ಒಂದು ಚಿಕ್ಕ ಪುಸ್ತಕ ಬರೆದರು.

ಅವರ ಮಾತಿನ ತಿರುಳನ್ನು ನಮ್ಮ ಪಶ್ಚಿಮ ಘಟ್ಟದ ಕುಮರಿ ಬೇಸಾಯದ ಮೂಲಕ ಸುಲಭವಾಗಿ ತಿಳಿಯಬಹುದು. ಕಾಡಿನ ಒಂದು ತುಂಡನ್ನು ಕಡಿದು, ಸುಟ್ಟು, ಬೂದಿಯಲ್ಲಿ ಬಿತ್ತುವುದು. ಒಂದೆರಡು ಬೆಳೆ ತೆಗೆದು ಹಲವು ವರ್ಷ ಆ ನೆಲವನ್ನು ಬೀಳು ಬಿಡುವುದು. ಉಳುಮೆ ಬೇಡ, ಗೊಬ್ಬರ ಬೇಡ, ಕಳೆಯೂ ಕಡಿಮೆ. ಜನ ಹೆಚ್ಚಾದಾಗ ಮಾತ್ರ ಬೀಳು ಬಿಡುವ ಅವಧಿ ಕುಗ್ಗುತ್ತದೆ. ಆಗ ನೇಗಿಲು, ಗೊಬ್ಬರ, ಕೆರೆ, ಕಾಲುವೆ ಎಲ್ಲ ಬೇಕಾಗುತ್ತವೆ. ಮೈಮುರಿದು ದುಡಿಯಬೇಕಾಗುತ್ತದೆ, ಆದರೆ ಅದೇ ನೆಲ ಹೆಚ್ಚು ಜನರಿಗೆ ಅನ್ನ ಕೊಡುತ್ತದೆ. ಆಹಾರವಿದ್ದಷ್ಟು ಜನ ಎಂದರು ಮಾಲ್ಥಸ್. ಜನರ ಒತ್ತಡವೇ ಬೇಸಾಯದ ರೀತಿಯನ್ನು ಬದಲಿಸುತ್ತದೆ ಎಂದರು ಬೋಸೆರುಪ್.

1951ರಲ್ಲಿ ಭಾರತದ ಜನಸಂಖ್ಯೆ 36 ಕೋಟಿ, 2011ರಲ್ಲಿ 121 ಕೋಟಿ. ಮೂರು ಪಟ್ಟಿಗಿಂತ ಹೆಚ್ಚು. ಇದೇ ಅವಧಿಯಲ್ಲಿ ಆಹಾರಧಾನ್ಯದ ಉತ್ಪಾದನೆ ಸುಮಾರು 5 ಕೋಟಿ ಟನ್ನಿನಿಂದ 24 ಕೋಟಿ ಟನ್ನಿಗೆ ಏರಿತು. ಹತ್ತಿರ ಹತ್ತಿರ ಐದು ಪಟ್ಟು.

ಹಾಗೆಂದು ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ ಎಂದು ಕೈಕಟ್ಟಿ ಕೂರುವಂತಿಲ್ಲ. ಈಗಾಗಲೇ ಜನ ತುಂಬಿರುವ, ಬಂಡವಾಳ ಹೂಡಲಾರದ ಕಡೆ ಜನಸಂಖ್ಯೆ ವೇಗವಾಗಿ ಬೆಳೆದರೆ ಈ ಬದಲಾವಣೆ ಸೋಲಬಹುದೆಂದು ಬೋಸೆರುಪ್ ಅವರೇ ಎಚ್ಚರಿಸಿದ್ದಾರೆ. ಕೋಲಾರದಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿಯೂ ನೀರು ಕಾಣದ ರೈತನನ್ನು ಕೇಳಿದರೆ ಆ ಎಚ್ಚರಿಕೆಯ ಅರ್ಥ ತಿಳಿಯುತ್ತದೆ. ಕೈಗಳಿದ್ದರೆ ಸಾಲದು, ಕೈಗೆ ಉಪಕರಣ ಬೇಕು, ತಲೆಗೆ ವಿದ್ಯೆ ಬೇಕು.

ಅದು ಯಾರ ಕೈಗೆ ಸಿಗುತ್ತಿದೆ ಎಂಬ ಪ್ರಶ್ನೆಯನ್ನು ಅವರು 1970ರ ತಮ್ಮ ಇನ್ನೊಂದು ಪುಸ್ತಕದಲ್ಲಿ ಎತ್ತಿದರು. ಆಫ್ರಿಕಾದ ಹಲವೆಡೆ ಹೊಲದಲ್ಲಿ ಗುದ್ದಲಿ ಹಿಡಿದು ದುಡಿಯುತ್ತಿದ್ದವರು ಹೆಂಗಸರು. ಆದರೆ ಯೂರೋಪಿನ ಅಧಿಕಾರಿಗಳು ಹೊಸ ವಿಧಾನ ಕಲಿಸಿದ್ದು ಗಂಡಸರಿಗೆ. ಗಂಡಸರ ಗಳಿಕೆ ಏರಿತು, ಹೆಂಗಸರ ಕೈಯಲ್ಲಿ ಹಳೆಯ ಗುದ್ದಲಿಯೇ ಉಳಿಯಿತು. ಅಭಿವೃದ್ಧಿ ಬಂದ ಮೇಲೆ ಇಬ್ಬರ ನಡುವಿನ ಅಂತರ ಇನ್ನೂ ಹೆಚ್ಚಾಯಿತು!

ಬಂಧುಗಳೇ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ತಂದೆ ತಾಯಿಯರ ಸಂಖ್ಯೆಯನ್ನು ತುಂಬಲೂ ಅದು ಸಾಲದು. ಆದ್ದರಿಂದ ಊರಿನಲ್ಲಿ ಜನ ಜಾಸ್ತಿಯಾದರು ಎಂಬ ನಮ್ಮ ಗೊಣಗಾಟ ಹಳೆಯದಾಯಿತು. ಹುಟ್ಟಿರುವ ಮಕ್ಕಳಲ್ಲಿ ಎಷ್ಟು ಜನ, ಅದರಲ್ಲೂ ಎಷ್ಟು ಹೆಣ್ಣುಮಕ್ಕಳು, ಹತ್ತನೇ ತರಗತಿಯ ನಂತರವೂ ಓದುತ್ತಾರೆ ಎಂಬುದೇ ಈಗಿನ ಪ್ರಶ್ನೆ.

ನಮ್ಮಲ್ಲಿ ಬಹುಪಾಲು ಜನ ದೊಡ್ಡ ಕುಟುಂಬಗಳಿಂದ ಬಂದವರು. ಮನೆಯಲ್ಲಿ ಬಾಯಿಗಳು ಹೆಚ್ಚಿದ್ದರೂ ಯಾರೋ ಒಬ್ಬರು ನಮ್ಮ ಫೀಸು ಕಟ್ಟಿದರು. ಎಷ್ಟೋ ಮನೆಗಳಲ್ಲಿ ಅದಕ್ಕಾಗಿ ಅಕ್ಕನ ಓದು ನಿಂತಿತು. ಆ ಅಕ್ಕಂದಿರ ಋಣ ನಮ್ಮ ಮೇಲಿದೆ. ಈ ಸಂಜೆ ಕೂಡುವ ಹಣ ಊರಿನ ಹೆಣ್ಣುಮಕ್ಕಳ ಓದಿಗೆ ಹೋಗುತ್ತದೆ. ದಯವಿಟ್ಟು ಕೈಬಿಚ್ಚಿ ಕೊಡಿ.