ಹಾಳಾದ ಹಳ್ಳಿಗಳ ನಡುವೆ ಆ್ಯನ್ ಮಾರ್ಗನ್



ನೂರು ವರ್ಷಗಳ ಹಿಂದಿನ ಅಮೆರಿಕದಲ್ಲಿ ಜೆ. ಪಿ. ಮಾರ್ಗನ್ ಹೆಸರು ಕೇಳದವರಿರಲಿಲ್ಲ. ರೈಲ್ವೆ, ಉಕ್ಕು, ವಿದ್ಯುತ್ತು, ಯಾವ ದೊಡ್ಡ ಉದ್ಯಮದ ಬೇರು ಹುಡುಕಿದರೂ ಅವರ ಬಂಡವಾಳ ಸಿಗುತ್ತಿತ್ತು. 1907ರಲ್ಲಿ ನ್ಯೂಯಾರ್ಕಿನ ಹಣಕಾಸು ಸಂಸ್ಥೆಗಳು ಕುಸಿಯತೊಡಗಿದಾಗ ಬ್ಯಾಂಕುಗಳ ಯಜಮಾನರನ್ನೆಲ್ಲ ತಮ್ಮ ಗ್ರಂಥಾಲಯಕ್ಕೆ ಕರೆಸಿ, ಹಣ ಕೊಡಲು ಒಪ್ಪುವ ತನಕ ಬಾಗಿಲಿಗೆ ಬೀಗ ಹಾಕಿಸಿದವರು ಅವರು. ಆ ಮನುಷ್ಯನ ನಾಲ್ಕು ಮಕ್ಕಳಲ್ಲಿ ಕೊನೆಯವರು ಆ್ಯನ್. ಹುಟ್ಟಿದ್ದು 1873ರಲ್ಲಿ. ಇವತ್ತು ಅವರ ವಿಷಯ ಹೇಳಬೇಕೆಂದಿದ್ದೇನೆ.

ಸಿರಿವಂತರ ಮನೆಯ ಹೆಣ್ಣುಮಗಳಿಗೆ ಆಗ ಇದ್ದದ್ದು ಒಂದೇ ದಾರಿ: ತಮಗೆ ಸರಿಸಮಾನರ ಮನೆಗೆ ಮದುವೆಯಾಗಿ ಹೋಗುವುದು. ಆ್ಯನ್ ಮದುವೆಯಾಗಲಿಲ್ಲ. ಮೂವತ್ತರ ವಯಸ್ಸಿನಲ್ಲಿ, 1903ರಲ್ಲಿ, ಗೆಳತಿಯರೊಂದಿಗೆ ಸೇರಿ ನ್ಯೂಯಾರ್ಕಿನಲ್ಲಿ ಹೆಂಗಸರಿಗಾಗಿ ಕಾಲನಿ ಕ್ಲಬ್ ಕಟ್ಟಿದರು. ಅದು ಶ್ರೀಮಂತ ಮಹಿಳೆಯರದೇ ಜಾಗ, ನಿಜ. ಆದರೆ ಆರು ವರ್ಷದ ಮೇಲೆ ಅದೇ ಕ್ಲಬ್ಬಿಗೆ ಬೇರೊಂದು ಲೋಕ ನಡೆದುಬಂತು.

1909ರ ನವೆಂಬರಿನಲ್ಲಿ ನ್ಯೂಯಾರ್ಕಿನ ಗಾರ್ಮೆಂಟ್ ಕಾರ್ಖಾನೆಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕೆಲಸಗಾರರು ಮುಷ್ಕರ ಹೂಡಿದರು. ಹೆಚ್ಚಿನವರು ಯಹೂದಿ ಮತ್ತು ಇಟಾಲಿಯನ್ ವಲಸೆ ಕುಟುಂಬಗಳ ಹುಡುಗಿಯರು. ಪೊಲೀಸರು ಹೊಡೆದರು, ಜೈಲಿಗೆ ಹಾಕಿದರು. ಆ್ಯನ್ ಮತ್ತವರ ಗೆಳತಿಯರು ಅವರ ಬೆನ್ನಿಗೆ ನಿಂತರು. ಡಿಸೆಂಬರಿನಲ್ಲಿ ಆ ಹುಡುಗಿಯರು ಕಾಲನಿ ಕ್ಲಬ್ಬಿಗೇ ಬಂದು ತಮ್ಮ ಕೂಲಿ ಎಷ್ಟು, ದುಡಿಯುವ ಹೊತ್ತು ಎಷ್ಟು ಎಂದು ಹೇಳಿದರು. ಅಲ್ಲೇ ಚಂದಾ ಎತ್ತಲಾಯಿತು.

ಆದರೆ ಜನವರಿ ಬರುವಷ್ಟರಲ್ಲಿ ಆ್ಯನ್ ಮುಷ್ಕರದ ಮುಂದಾಳುಗಳಿಂದ ದೂರ ಸರಿದರು. ವೇದಿಕೆಯ ಮೇಲೆ ಸಮಾಜವಾದದ ಮಾತು ಜೋರಾಗಿದೆ ಎಂದು ಪತ್ರಿಕೆಗಳ ಮುಂದೆಯೇ ಆಕ್ಷೇಪಿಸಿದರು. ಕೂಲಿ ಹೆಚ್ಚಲಿ ಎನ್ನಲು ಸಿದ್ಧರಿದ್ದವರು, ಸಂಪತ್ತು ಯಾರದು ಎಂಬ ಪ್ರಶ್ನೆ ಬಂದಾಗ ಹಿಂದೆ ಸರಿದರು. ಅವರ ಮೇಲೆ ಎಷ್ಟೇ ಗೌರವವಿದ್ದರೂ ಇದನ್ನು ಮುಚ್ಚಿಡಲಾಗದು. ಆದರೂ 1911ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ಗಾರ್ಮೆಂಟ್ ಕಾರ್ಖಾನೆಗೆ ಬೆಂಕಿ ಬಿದ್ದು 146 ಜನ ಸತ್ತಾಗ ಸಂತಾಪ ಸಭೆಗೆ ಮೆಟ್ರೊಪಾಲಿಟನ್ ಒಪೆರಾ ಹೌಸನ್ನು ಬಾಡಿಗೆಗೆ ಹಿಡಿದುಕೊಟ್ಟವರು ಆ್ಯನ್. ಅಲ್ಲಿ ರೋಸ್ ಶ್ನೈಡರ್‌ಮನ್ ಎಂಬ ಕಾರ್ಮಿಕ ನಾಯಕಿ, ನಿಮ್ಮ ದಾನದಿಂದ ನಮ್ಮ ಜೀವ ಉಳಿಯುವುದಿಲ್ಲ, ನಮ್ಮನ್ನು ನಾವೇ ಉಳಿಸಿಕೊಳ್ಳಬೇಕು ಎಂಬರ್ಥದ ಮಾತನ್ನು ಸಭೆಯ ಮುಖಕ್ಕೇ ಹೇಳಿದರು.

1913ರಲ್ಲಿ ತಂದೆ ತೀರಿಕೊಂಡರು. ಆ್ಯನ್ ಪಾಲಿಗೆ 30 ಲಕ್ಷ ಡಾಲರ್ ಬಂತು. ಮರುವರ್ಷವೇ ಯುರೋಪಿನಲ್ಲಿ ಮಹಾಯುದ್ಧ.

ಮುಂದಿನ ಹತ್ತು ವರ್ಷವೇ ಅವರ ಬಾಳಿನ ತಿರುಳು ಎಂದು ನನ್ನ ನಂಬಿಕೆ. 1917ರ ವಸಂತದಲ್ಲಿ ಜರ್ಮನ್ ಸೇನೆ ಉತ್ತರ ಫ್ರಾನ್ಸಿನ ಪಿಕಾರ್ಡಿ ಸೀಮೆಯಿಂದ ಹಿಂದೆ ಸರಿಯುವಾಗ ಏನನ್ನೂ ಉಳಿಸಿ ಹೋಗಲಿಲ್ಲ. ಮನೆಗಳನ್ನು ಸಿಡಿಸಿತು, ಬಾವಿಗಳನ್ನು ಕೆಡಿಸಿತು, ಹಣ್ಣಿನ ಮರಗಳನ್ನು ಬುಡಕ್ಕೇ ಕಡಿಸಿತು. ಆ ಬೇಸಿಗೆಯಲ್ಲೇ ಆ್ಯನ್ ತಮ್ಮ ಗೆಳತಿ ಆ್ಯನ್ ಮರ್ರಿ ಡೈಕ್ ಜೊತೆ ಬ್ಲೆರಾಂಕೂರ್ ಎಂಬ ಹಳ್ಳಿಗೆ ಬಂದಿಳಿದರು. ಹದಿನೇಳನೇ ಶತಮಾನದ ಪಾಳು ಅರಮನೆಯ ಅಂಗಳದಲ್ಲಿ ಹಲಗೆಯ ಶೆಡ್ಡುಗಳೆದ್ದವು. ಅಲ್ಲೇ ವಾಸ, ಅಲ್ಲೇ ಕಚೇರಿ, ಅಲ್ಲೇ ಉಗ್ರಾಣ.

ಅವರು ಕಟ್ಟಿದ ಅಮೆರಿಕನ್ ಸಮಿತಿಯಲ್ಲಿ 1924ರವರೆಗೆ ಸುಮಾರು 350 ಮಹಿಳೆಯರು ದುಡಿದರು. ಫ್ರೆಂಚ್ ಬರಬೇಕು, ಮೋಟಾರು ಓಡಿಸಲು ಬರಬೇಕು, ಖರ್ಚು ಅವರದೇ. 1918ರ ಮಾರ್ಚಿನಲ್ಲಿ ಜರ್ಮನರು ಮತ್ತೆ ನುಗ್ಗಿದಾಗ ಮುದುಕರನ್ನೂ ಮಕ್ಕಳನ್ನೂ ಲಾರಿಗಳಲ್ಲಿ ತುಂಬಿಕೊಂಡು ಹಿಂದಕ್ಕೆ ಸಾಗಿಸಿದವರು ಈ ಹೆಂಗಸರೇ. ಯುದ್ಧ ಮುಗಿದ ಮೇಲೆ ಬೀಜ, ಕೋಳಿ, ಹಸು, ಉಳುಮೆಗೆ ಟ್ರ್ಯಾಕ್ಟರು ಒದಗಿಸಿ, ರೈತರ ಸಂಘಗಳನ್ನು ಕಟ್ಟಿಸಿದರು. ಹಣ ಸಾಲದಾದಾಗ 1921ರ ಜನವರಿಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಬೆನ್ನಿ ಲಿಯೊನಾರ್ಡ್‌ನ ಬಾಕ್ಸಿಂಗ್ ಪಂದ್ಯವನ್ನೇ ಸಹಾಯಾರ್ಥವಾಗಿ ನಡೆಸಿದರು.

ನನ್ನ ಮನಸ್ಸು ಹೆಚ್ಚು ನಿಲ್ಲುವುದು ಪುಸ್ತಕಗಳ ಕೆಲಸದ ಮೇಲೆ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿದ್ದ ಜೆಸ್ಸಿ ಕಾರ್ಸನ್ ಇದರ ಹೊಣೆ ಹೊತ್ತರು. ಹಲಗೆಯ ಕಟ್ಟಡದೊಳಗೆ ಮಕ್ಕಳ ಎತ್ತರಕ್ಕೆ ತಕ್ಕ ಮೇಜು, ಕುರ್ಚಿ. ಕೈಗೆ ನಿಲುಕುವ ಕಪಾಟು. ವಾರದಲ್ಲಿ ಕಥೆ ಹೇಳುವ ಹೊತ್ತು. ದೂರದ ಹಳ್ಳಿಗಳಿಗೆ ಪುಸ್ತಕ ತುಂಬಿದ ಫೋರ್ಡ್ ಗಾಡಿ. ಪುಸ್ತಕವನ್ನು ಕೌಂಟರಿನಾಚೆ ಕೇಳಿ ಪಡೆಯುತ್ತಿದ್ದ ಊರುಗಳಲ್ಲಿ ಓದುಗ ತಾನೇ ಕೈಹಾಕಿ ಆರಿಸಿಕೊಳ್ಳುವುದು ಹೊಸತು. 1922ರಲ್ಲಿ ಪ್ಯಾರಿಸಿನ ದುಡಿಯುವ ಜನರ ಬಡಾವಣೆ ಬೆಲ್ವಿಲ್‌ನಲ್ಲೂ ಅಂಥ ಗ್ರಂಥಾಲಯ ತೆರೆಯಿತು. ಫ್ರೆಂಚ್ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಕೆಲಸ ಒಪ್ಪಿಸಲಾಯಿತು. ಮನೆಮನೆಗೆ ಹೋಗುವ ದಾದಿಯರ ವ್ಯವಸ್ಥೆಯೂ ಹಾಗೆಯೇ ಸ್ಥಳೀಯರ ಕೈಗೆ ಬಂತು. ಕೊಡುವವರು ಹೊರಟುಹೋದ ಮೇಲೂ ಕೆಲಸ ನಡೆಯಬೇಕೆಂದು ಮೊದಲೇ ಯೋಚಿಸಿದ್ದರಲ್ಲ, ಅವರ ಸೇವೆಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಅದೇ.

ಅರಮನೆಯ ಜಾಗ ಮುಂದೆ ಫ್ರಾಂಕೋ-ಅಮೆರಿಕನ್ ವಸ್ತುಸಂಗ್ರಹಾಲಯವಾಯಿತು. ಡೈಕ್ 1929ರಲ್ಲಿ ತೀರಿಕೊಂಡರು. ಅವರ ಸಮಾಧಿ ಬ್ಲೆರಾಂಕೂರ್‌ನಲ್ಲೇ ಇದೆ. 1932ರಲ್ಲಿ ಫ್ರಾನ್ಸ್ ಆ್ಯನ್ ಅವರಿಗೆ ಲೀಜನ್ ಆಫ್ ಆನರ್‌ನ ಕಮಾಂಡರ್ ಪದವಿ ಕೊಟ್ಟಿತು. ಅಮೆರಿಕದ ಮಹಿಳೆಯೊಬ್ಬರಿಗೆ ಆ ಪದವಿ ಸಂದದ್ದು ಅದೇ ಮೊದಲು. ಎರಡನೇ ಮಹಾಯುದ್ಧ ಬಂದಾಗ ಅರವತ್ತೈದು ದಾಟಿದ್ದರೂ ಮತ್ತೆ ನಿರಾಶ್ರಿತರ ಕೆಲಸಕ್ಕಿಳಿದರು. 1952ರ ಜನವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಮೌಂಟ್ ಕಿಸ್ಕೋದಲ್ಲಿ ಕೊನೆಯುಸಿರೆಳೆದರು.

ನ್ಯೂಯಾರ್ಕಿನ ಸಟನ್ ಪ್ಲೇಸಿನಲ್ಲಿ ಅವರಿಗಾಗಿ ಕಟ್ಟಿದ್ದ ಮನೆ ಈಗ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯ ನಿವಾಸ. ಪಿಕಾರ್ಡಿಯ ಸ್ವಾಸೋಂ ಪಟ್ಟಣದಲ್ಲಿ, ಅವರು ತಂದ ದಾದಿಯರ ಕೆಲಸದಿಂದ ಬೆಳೆದ ಸಂಸ್ಥೆಯೊಂದು ಆ್ಯನ್ ಮಾರ್ಗನ್ ಹೆಸರು ಹೊತ್ತು ಮನೆಮನೆಯ ಶುಶ್ರೂಷೆಯನ್ನು ಮುಂದುವರಿಸಿಕೊಂಡು ಬಂದಿದೆ.